ಬೀಪ್ ಎಂದರೆ ನಿಲ್ಲಿಸಿ, ಸುಮ್ಮನಿದ್ದರೂ ತಿರುಗಿ ನೋಡಿ

ಪಾರ್ಕಿಂಗ್ ಸೆನ್ಸರ್, ರಿವರ್ಸ್ ಕ್ಯಾಮೆರಾ, ಕ್ರೂಸ್ ಕಂಟ್ರೋಲ್ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ಈ ಸಲದ ಉತ್ತರ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ. ಮಗ ಹೊಸ ಕಾರು ಕೊಡಿಸಿದ್ದಾನೆ. ಹಿಂದಕ್ಕೆ ತೆಗೆಯುವಾಗ ಗೇಟಿನ ಪಕ್ಕದ ದಾಸವಾಳದ ಗಿಡಕ್ಕೂ ಸೆನ್ಸರ್ ಬಡಿದುಕೊಳ್ಳುತ್ತದೆ. ಆದರೆ ಮೊನ್ನೆ ಕರೆಂಟು ಕಂಬದ ಸ್ಟೇ ವೈರಿಗೆ ಬಂಪರ್ ತಾಗುವವರೆಗೂ ಚಕಾರ ಎತ್ತಲಿಲ್ಲ. ಕೆಟ್ಟಿದೆಯೇ? ಶೋರೂಮಿನವರು "ಎಲ್ಲ ಸರಿಯಿದೆ ಮೇಡಂ" ಎನ್ನುತ್ತಾರೆ.
– ಓದುಗರು, ಶಿವಮೊಗ್ಗ

ಉತ್ತರ: ಶೋರೂಮಿನವರು ಈ ಸಲ ನಿಜವನ್ನೇ ಹೇಳಿದ್ದಾರೆ ಮೇಡಂ. ಹಿಂದಿನ ಬಂಪರಿನಲ್ಲಿ ಸಾಲಾಗಿ ಕಾಣುವ ಆ ಗುಂಡನೆಯ ಬಿಲ್ಲೆಗಳು 40 ಕಿಲೊಹರ್ಟ್ಸ್ ಇಲ್ಲವೇ ಅದಕ್ಕೂ ಹೆಚ್ಚಿನ ಕಂಪನದ ಶಬ್ದವನ್ನು ಹೊರಡಿಸುತ್ತವೆ. 20 ದಾಟಿದರೆ ನಮ್ಮ ಕಿವಿಗೆ ಕೇಳದು. ಬೆಟ್ಟದೆದುರು ನಿಂತು ಕೂಗಿ ಮಾರ್ದನಿಗೆ ಕಾಯುವ ಹಾಗೆ, ಕಳಿಸಿದ ಶಬ್ದ ಮರಳಲು ಎಷ್ಟು ಹೊತ್ತು ಹಿಡಿಯಿತೆಂದು ಲೆಕ್ಕ ಹಾಕಿ ದೂರ ಹೇಳುತ್ತವೆ. ಗೋಡೆ ಒಂದು ಮೀಟರ್ ದೂರದಲ್ಲಿದ್ದರೆ ಹೋಗಿ ಬರಲು ಸುಮಾರು 6 ಮಿಲಿಸೆಕೆಂಡು ಸಾಕು.

ಮಾರ್ದನಿ ಮರಳಿದರೆ ಮಾತ್ರ ಬೀಪ್. ಸ್ಟೇ ವೈರು ಸಣ್ಣದು, ಮೇಲಾಗಿ ದುಂಡಗಿನದು. ಅದಕ್ಕೆ ಬಡಿದ ಅಷ್ಟಿಷ್ಟು ಶಬ್ದವೂ ನಾಲ್ಕೂ ಕಡೆ ಚೆದುರಿಹೋಗುತ್ತದೆ. ತಂತಿ ಜಾಲರಿಯ ಬೇಲಿಯದೂ ಇದೇ ಕತೆ. ಹುಲ್ಲಿನ ಹೊರೆ, ಹತ್ತಿಯ ಮೂಟೆ ಶಬ್ದವನ್ನು ನುಂಗಿಬಿಡುತ್ತವೆ. ನುಣುಪಾದ ಗೋಡೆ ಓರೆಯಾಗಿದ್ದರೆ ಶಬ್ದ ಬೇರೆತ್ತಲೋ ಚಿಮ್ಮುತ್ತದೆ. ನಿಮ್ಮ ದಾಸವಾಳಕ್ಕಾದರೆ ನೂರಾರು ಎಲೆ. ಯಾವುದೋ ಒಂದೆರಡು ಎಲೆ ನೇರ ಎದುರಿಗೆ ಸಿಕ್ಕೇ ಸಿಗುತ್ತದೆ.

ಇದಕ್ಕಿಂತ ಮೋಸದ ಸಂಗತಿ ಇನ್ನೊಂದಿದೆ. ಹಿಂದೆ ಮೊಣಕಾಲಿಗೂ ಬಾರದ ಗಿಡ್ಡ ಕಲ್ಲೊಂದಿದೆ ಎನ್ನಿ. ದೂರದಲ್ಲಿರುವಾಗ ಬೀಪ್ ಎನ್ನುತ್ತದೆ. ಕಾರು ಹತ್ತಿರವಾದಂತೆ ಕಲ್ಲು ಸೆನ್ಸರಿನ ನೋಟದ ಕೆಳಗೆ ಇಳಿದುಬಿಡುತ್ತದೆ, ಬೀಪ್ ನಿಲ್ಲುತ್ತದೆ. ದಾರಿ ಬಿಟ್ಟಿತೆಂದು ನೀವು ಕ್ಲಚ್ಚು ಬಿಡುತ್ತೀರಿ. ಆಮೇಲೆ ಬರುವ ಸದ್ದು ಸೆನ್ಸರಿನದಲ್ಲ. ಆದ್ದರಿಂದ ಬೀಪ್ ಶುರುವಾಗಿ ತಾನಾಗಿಯೇ ನಿಂತರೆ ಬ್ರೇಕ್ ಒತ್ತಿ, ಇಳಿದು ನೋಡಿ. ಚಪ್ಪಡಿ ಎದ್ದುಹೋದ ಚರಂಡಿಯಂತೂ ಸೆನ್ಸರಿಗೆ ತಿಳಿಯುವುದೇ ಇಲ್ಲ. ಹಳ್ಳದಿಂದ ಮಾರ್ದನಿ ಎಲ್ಲಿಂದ ಬರಬೇಕು?

ವೇಗವೂ ಮುಖ್ಯ. ಹೆಚ್ಚಿನ ಕಾರುಗಳಲ್ಲಿ ಹಿಂದಿನ ಸೆನ್ಸರ್ ಎಚ್ಚರಿಸುವುದು ಸುಮಾರು ಒಂದೂವರೆ ಮೀಟರ್ ದೂರದಿಂದ. ಗಂಟೆಗೆ 10 ಕಿ.ಮೀ. ವೇಗದಲ್ಲಿ ಹಿಂದೆ ಬಂದರೆ ಆ ದೂರ ಕರಗಲು ಅರ್ಧ ಸೆಕೆಂಡು ಸಾಕು. ಬೀಪ್ ಕೇಳಿ ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ.

ಪ್ರಶ್ನೆ: ಮಳೆಗಾಲ ಶುರುವಾದರೆ ಸಾಕು, ಹಿಂದೆ ಏನೂ ಇಲ್ಲದಿದ್ದರೂ ನಮ್ಮ ಕಾರಿನ ಸೆನ್ಸರ್ ಒಂದೇ ಸಮನೆ ಕೂಗುತ್ತದೆ. ಬದಲಿಸಬೇಕೆ?
– ಓದುಗರು, ಕುಂದಾಪುರ

ಉತ್ತರ: ಮೊದಲು ಒದ್ದೆ ಬಟ್ಟೆಯಲ್ಲಿ ಬಿಲ್ಲೆಗಳನ್ನು ಒರೆಸಿ. ಮುಕ್ಕಾಲು ಪಾಲು ದೂರುಗಳು ಅಲ್ಲೇ ಮುಗಿಯುತ್ತವೆ. ಮುಖದ ಮೇಲೆ ನಿಂತ ನೀರಿನ ಹನಿ, ಒಣಗಿದ ಕೆಂಪು ಮಣ್ಣು, ಎರಡೂ ಅದಕ್ಕೆ ಎದುರಿಗೆ ನಿಂತ ವಸ್ತುವಿನಂತೆಯೇ. ನೀರು ಹೊಡೆಸುವಾಗ ಪ್ರೆಶರ್ ಪೈಪನ್ನು ಬಿಲ್ಲೆಯ ಮೂತಿಗೇ ಹಿಡಿಯಲು ಬಿಡಬೇಡಿ.

ಒರೆಸಿದ ಮೇಲೂ ಕೂಗಿದರೆ ಗ್ಯಾರೇಜಿನ ಹುಡುಗರು ಮಾಡುವ ಪರೀಕ್ಷೆ ಮಾಡಿ. ಸಮತಟ್ಟು ಜಾಗದಲ್ಲಿ ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಟ್ಟು, ಎಂಜಿನ್ ಆಫ್ ಮಾಡಿ, ಕೀ ಮಾತ್ರ ಆನ್ ಇಟ್ಟು ರಿವರ್ಸ್ ಗೇರಿಗೆ ಹಾಕಿ. ಈಗ ಒಂದೊಂದೇ ಬಿಲ್ಲೆಯ ಬಳಿ ಕಿವಿ ಒಯ್ಯಿರಿ ಅಥವಾ ಬೆರಳಿನ ತುದಿ ಮುಟ್ಟಿಸಿ. ಕೆಲಸ ಮಾಡುವ ಸೆನ್ಸರ್ ಸಣ್ಣಗೆ ಟಿಕ್ ಟಿಕ್ ಎನ್ನುತ್ತಿರುತ್ತದೆ. ಶಬ್ದದ ಕಂಪನ ನಮಗೆ ಕೇಳದಿದ್ದರೂ ಅದು ತುಂಡುತುಂಡಾಗಿ ಹೊರಡುವ ಮಿಡಿತ ತಿಳಿಯುತ್ತದೆ. ಯಾವುದು ಮೌನವಾಗಿದೆಯೋ ಅದೇ ಸತ್ತದ್ದು, ಅದೊಂದನ್ನೇ ಬದಲಿಸಿದರೆ ಸಾಕು. "ಇಡೀ ಸೆಟ್ ಬದಲಿಸಬೇಕು" ಎನ್ನುವವರಿಗೆ ಯಾಕೆಂದು ಕೇಳಿ.

ಪ್ರಶ್ನೆ: ಸರ್, ಎಪಿಎಂಸಿ ಯಾರ್ಡಿನಾಗ ಗಾಡಿ ರಿವರ್ಸ್ ತಗೊಳ್ಳಾಕತ್ತಿದ್ದೆ. ಕ್ಯಾಮೆರಾದಾಗ ನೋಡಿದ್ರ ಲಾರಿ ಇನ್ನೂ ಕೆಂಪು ಗೆರಿ ದಾಟಿ ಆ ಕಡೆ ಐತಿ. ಆದ್ರ ಡಿಕ್ಕಿ ಬಾಗಲದ ಗ್ಲಾಸು ಪುಡಿಪುಡಿ ಆತು. ಕ್ಯಾಮೆರಾ ಸುಳ್ಳು ಹೇಳ್ತತೇನ್ರಿ?
– ಓದುಗರು, ಹುಬ್ಬಳ್ಳಿ

ಉತ್ತರ: ಕ್ಯಾಮೆರಾ ಸುಳ್ಳು ಹೇಳಲಿಲ್ಲ, ನೆಲದ ಸಂಗತಿಯನ್ನಷ್ಟೇ ಹೇಳಿತು. ಪರದೆಯ ಮೇಲಿನ ಹಸಿರು, ಹಳದಿ, ಕೆಂಪು ಗೆರೆಗಳು ಕಾರಿನ ಹಿಂದಿನ ನೆಲ ಸಮತಟ್ಟಾಗಿದೆ ಎಂದುಕೊಂಡು ಆ ನೆಲದ ಮೇಲೆ ಎಳೆದವು. ಲಾರಿಯ ಚಕ್ರ ಕೆಂಪು ಗೆರೆಯ ಆಚೆಗಿತ್ತು, ನಿಜ. ಆದರೆ ಲಾರಿಯ ಬಾಡಿ ಚಕ್ರದಿಂದ ಹಿಂದಕ್ಕೆ ಚಾಚಿರುತ್ತದಲ್ಲ, ಅದು ನಿಮ್ಮ ಗಾಜಿನ ಎತ್ತರಕ್ಕೆ ಸರಿಯಾಗಿ ಬಂದಿತ್ತು. ನೆಲದ ಗೆರೆಗೆ ಆ ಎತ್ತರದ ಲೆಕ್ಕ ಇಲ್ಲ. ಬಂಪರಿನ ಸೆನ್ಸರಿಗೂ ಅದು ತಲೆಯ ಮೇಲೆಯೇ ಹಾದುಹೋಯಿತು. ಕಬ್ಬಿಣದ ಸರಳು ಚಾಚಿಕೊಂಡ ಟೆಂಪೊ, ಅಂಗಡಿಯ ತಗಡಿನ ಚಾಚು, ಅರ್ಧ ತೆರೆದ ಶಟರು ಇವುಗಳ ಬಳಿಯೂ ಇದೇ ಅಪಾಯ. ಇಂಥ ಕಡೆ ಪರದೆ ಬಿಟ್ಟು ಕತ್ತು ತಿರುಗಿಸಿ ಗಾಜಿನಲ್ಲೇ ನೋಡಬೇಕು.

ಇಳಿಜಾರಿನಲ್ಲಿ ಇನ್ನೊಂದು ಗೊಂದಲ. ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ರಸ್ತೆಯಿಂದ ಪೋರ್ಟಿಕೊಗೆ ಕಡಿದಾದ ಏರು ಇರುತ್ತದೆ. ರಸ್ತೆಯಲ್ಲಿ ನಿಂತು ಆ ಏರಿನತ್ತ ರಿವರ್ಸ್ ಹೋಗುವಾಗ ಹಿಂದಿರುವ ಗೋಡೆಯೋ ಬೈಕೋ ಇರುವುದಕ್ಕಿಂತ ದೂರದಲ್ಲಿರುವಂತೆ ತೋರುತ್ತದೆ. ಹಿಂದೆ ಇಳಿಜಾರಿದ್ದರೆ ತದ್ವಿರುದ್ಧ, ಇರುವುದಕ್ಕಿಂತ ಹತ್ತಿರ ಕಾಣುತ್ತದೆ. ಮೊದಲನೆಯದೇ ಬಂಪರ್ ಒಡೆಯುವುದು.

ಹೊಸ ಕಾರು ಬಂದ ವಾರವೇ ಒಂದು ಕೆಲಸ ಮಾಡಿ. ಖಾಲಿ ಮೈದಾನದಲ್ಲಿ ಹಿಂದೆ ಒಂದು ರಟ್ಟಿನ ಡಬ್ಬ ಇಟ್ಟು, ಅದು ಕೆಂಪು ಗೆರೆಗೆ ತಾಗಿದಂತೆ ಕಾಣುವವರೆಗೆ ಬನ್ನಿ. ಇಳಿದು ಟೇಪಿನಲ್ಲಿ ಅಳೆಯಿರಿ. ಹಳದಿ ಗೆರೆಗೂ ಹೀಗೇ ಮಾಡಿ. ಅಗಲ ನೋಟದ ಲೆನ್ಸಾದ್ದರಿಂದ ಕಣ್ಣಳತೆ ಮತ್ತು ಟೇಪಿನ ಅಳತೆ ಎಷ್ಟು ಬೇರೆಯೆಂದು ನೋಡಿದವರಿಗೇ ಗೊತ್ತು. ಸ್ಟಿಯರಿಂಗ್ ತಿರುಗಿಸಿದಾಗ ಗೆರೆಯೂ ಬಾಗುತ್ತದೆಯೇ ಎಂಬುದನ್ನೂ ಅಲ್ಲೇ ಗಮನಿಸಿ. ಬಾಗದಿದ್ದರೆ ಆ ಗೆರೆ ನೇರ ಹಿಂದಕ್ಕೆ ಹೋಗುವಾಗಿನದು ಮಾತ್ರ, ತಿರುವಿನಲ್ಲಿ ಅದನ್ನು ನಂಬುವಂತಿಲ್ಲ.

ಪ್ರಶ್ನೆ: ಅಂಗಳದಲ್ಲಿ ನಾಲ್ಕು ವರ್ಷದ ಮಗಳು ಆಡುತ್ತಿರುತ್ತಾಳೆ. ಕ್ಯಾಮೆರಾ ಇರುವ ಕಾರನ್ನೇ ತೆಗೆದುಕೊಂಡಿದ್ದೇವೆ. ನಿಶ್ಚಿಂತೆಯಿಂದ ಇರಬಹುದೇ?
– ಓದುಗರು, ದಾವಣಗೆರೆ

ಉತ್ತರ: ಇರಬೇಡಿ. ಕ್ಯಾಮೆರಾ ಇರುವುದು ಒಳ್ಳೆಯದೇ. ಹಿಂದೆ ಬರುವ ಕಾರಿಗೆ ಮನೆಯ ಮಕ್ಕಳೇ ಸಿಕ್ಕಿ ಸಾಯುವುದನ್ನು ತಡೆಯಬೇಕೆಂದು ಅಮೆರಿಕದಲ್ಲಿ 2008ರಲ್ಲಿ ಕಾನೂನು ಬಂತು. ಅದರಂತೆ 2018ರ ಮೇ ತಿಂಗಳಿಂದ ಅಲ್ಲಿನ ಪ್ರತಿಯೊಂದು ಹೊಸ ಕಾರಿಗೂ ಹಿಂದಿನ ಕ್ಯಾಮೆರಾ ಕಡ್ಡಾಯ. ರಿವರ್ಸ್ ಗೇರು ಬಿದ್ದ ಎರಡು ಸೆಕೆಂಡಿನೊಳಗೆ ಚಿತ್ರ ಮೂಡಬೇಕೆಂಬುದೂ ಆ ನಿಯಮದಲ್ಲಿದೆ. ನಮ್ಮಲ್ಲಿ 2019ರ ಜುಲೈ 1ರಿಂದ ಹೊಸ ಕಾರುಗಳಿಗೆ ಕಡ್ಡಾಯವಾದದ್ದು ಹಿಂದಿನ ಸೆನ್ಸರ್.

ಆ ನಿಯಮದಲ್ಲಿರುವ ಎರಡು ಸೆಕೆಂಡನ್ನೇ ಯೋಚಿಸಿ ನೋಡಿ. ಅವಸರದಲ್ಲಿರುವ ಅಪ್ಪ ಕೀ ತಿರುಗಿಸಿ, ಗೇರು ಹಾಕಿ, ಪರದೆ ಬೆಳಗುವ ಮೊದಲೇ ಹೊರಟಿರುತ್ತಾರೆ. ಮಗು ಕ್ಯಾಮೆರಾದ ನೋಟದಲ್ಲೇ ಇರಬೇಕೆಂದೂ ಇಲ್ಲ. ಪಕ್ಕದ ಬಾಗಿಲ ಹತ್ತಿರ ಚೆಂಡಿಗೆ ಬಗ್ಗಿರಬಹುದು. ಸ್ಟಿಯರಿಂಗ್ ತಿರುಗಿಸಿ ಹಿಂದೆ ಬರುವಾಗ ಕಾರಿನ ಮೂತಿ ಪಕ್ಕಕ್ಕೆ ಬೀಸುತ್ತದೆ. ಅದನ್ನು ಹಿಂದಿನ ಕ್ಯಾಮೆರಾ ತೋರಿಸುವುದಿಲ್ಲ.

ಕಾರು ಹತ್ತುವ ಮುನ್ನ ಒಂದು ಸುತ್ತು ಬನ್ನಿ. ಹೊರಡುವಾಗ ಮಗು ಮನೆಯ ಯಾರಾದರೊಬ್ಬರ ಕೈಯಲ್ಲಿರಲಿ. ಒಳಗಿದ್ದಾಳೆ ಎಂಬ ಊಹೆ ಬೇಡ, ಕೈ ಹಿಡಿದು ನಿಂತಿದ್ದು ಕಣ್ಣಿಗೆ ಕಾಣಬೇಕು. ಸಂಜೆ ಬಂದಾಗಲೇ ಕಾರನ್ನು ರಿವರ್ಸಿನಲ್ಲಿ ಒಳಗೆ ನಿಲ್ಲಿಸುವ ಅಭ್ಯಾಸ ಮಾಡಿಕೊಂಡರೆ ಬೆಳಗಿನ ಗಡಿಬಿಡಿಯಲ್ಲಿ ಮುಂದಕ್ಕೆ ನೋಡಿಕೊಂಡೇ ಹೊರಡಬಹುದು. ರಿವರ್ಸ್ ಬರುವಾಗ ಹಾಡು ಬಂದ್ ಮಾಡಿ, ಗಾಜು ಇಳಿಸಿ. ಕೂಗಿದರೆ ಕೇಳಬೇಕು.

ಪ್ರಶ್ನೆ: ಪ್ರತಿ ಶುಕ್ರವಾರ ಬೆಂಗಳೂರಿನಿಂದ ಮೈಸೂರಿಗೆ ಹೋಗುತ್ತೇನೆ. ಎಕ್ಸ್‌ಪ್ರೆಸ್‌ವೇಯಲ್ಲಿ ಕ್ರೂಸ್ ಹಾಕಿ ಕಾಲು ಮಡಚಿ ಕೂರುತ್ತೇನೆ. ಪಕ್ಕದಲ್ಲಿ ಕೂತ ಅಪ್ಪ ಬೈಯುತ್ತಾರೆ. ಯಾರು ಸರಿ?
– ಓದುಗರು, ಬೆಂಗಳೂರು

ಉತ್ತರ: ಅಪ್ಪ. ಕ್ರೂಸ್ ಕಂಟ್ರೋಲ್ ಹುಟ್ಟಿದ್ದೇ ಪಕ್ಕದ ಸೀಟಿನಲ್ಲಿ ಕೂತವರ ಗೋಳಿನಿಂದ. ಅಮೆರಿಕದ ಇಂಡಿಯಾನಾದಲ್ಲಿ ಪಿಸ್ಟನ್ ರಿಂಗ್ ಕಂಪನಿ ನಡೆಸುತ್ತಿದ್ದ ರಾಲ್ಫ್ ಟೀಟರ್ ಐದನೇ ವಯಸ್ಸಿನಲ್ಲೇ ಕಣ್ಣು ಕಳೆದುಕೊಂಡಿದ್ದವರು. ಕಾರು ಓಡಿಸುತ್ತಿದ್ದ ಅವರ ವಕೀಲ ಮಿತ್ರ ಮಾತಿಗಿಳಿದರೆ ನಿಧಾನ, ಮಾತು ನಿಲ್ಲಿಸಿದರೆ ಜೋರು. ಈ ಎಳೆದಾಟಕ್ಕೆ ರೋಸಿಹೋಗಿ ವೇಗವನ್ನು ಒಂದೇ ಸಮ ಹಿಡಿಯುವ ಸಾಧನ ಮಾಡಿದರೆಂದು ಹೇಳುತ್ತಾರೆ. 1950ರಲ್ಲಿ ಪೇಟೆಂಟ್ ಸಿಕ್ಕಿತು, 1958ರ ಕ್ರೈಸ್ಲರ್ ಇಂಪೀರಿಯಲ್ ಕಾರಿನಲ್ಲಿ ಅದು ಮಾರಾಟಕ್ಕೆ ಬಂತು.

ಸಾದಾ ಕ್ರೂಸ್ ಇವತ್ತಿಗೂ ಮಾಡುವುದು ಅದೊಂದನ್ನೇ: ನೀವು ಹೇಳಿದ ವೇಗ ಹಿಡಿದಿಡುವುದು. ಮುಂದೇನಿದೆಯೆಂದು ಅದಕ್ಕೆ ಗೊತ್ತಿಲ್ಲ. ನಿಮ್ಮ ರಸ್ತೆಯಲ್ಲಿ ಮಿತಿ ಗಂಟೆಗೆ 100 ಕಿ.ಮೀ. ಆ ವೇಗದಲ್ಲಿ ಸೆಕೆಂಡಿಗೆ ಹೆಚ್ಚುಕಡಿಮೆ 28 ಮೀಟರ್ ಓಡುತ್ತೀರಿ. ಮಡಚಿದ ಕಾಲು ಬಿಡಿಸಿ ಬ್ರೇಕ್ ಹುಡುಕಲು ಎರಡು ಸೆಕೆಂಡಾದರೆ, ಬ್ರೇಕ್ ಮುಟ್ಟುವ ಮೊದಲೇ 50 ಮೀಟರ್ ದಾಟಿರುತ್ತೀರಿ. 2023ರ ಆಗಸ್ಟ್ 1ರಿಂದ ಅಲ್ಲಿನ ಮುಖ್ಯ ಪಥದಲ್ಲಿ ಬೈಕು, ಆಟೊ, ಟ್ರ್ಯಾಕ್ಟರುಗಳಿಗೆ ಪ್ರವೇಶ ಇಲ್ಲ, ಹಾಗಾಗಿ ಕ್ರೂಸ್ ಬಳಸಲು ನಮ್ಮ ರಾಜ್ಯದಲ್ಲಿ ಒಳ್ಳೆಯ ರಸ್ತೆಯೇ. ಬಳಸಿ. ಬಲಗಾಲು ಮಾತ್ರ ಬ್ರೇಕಿನ ಪಕ್ಕದಲ್ಲಿರಲಿ.

'ರೆಸ್' ಗುಂಡಿಯ ಬಗ್ಗೆಯೂ ಹುಷಾರು. ಬ್ರೇಕ್ ಒತ್ತಿದರೆ ಕ್ರೂಸ್ ಬಿಡುತ್ತದೆ, ಆದರೆ ಹಳೆಯ ವೇಗ ನೆನಪಿನಲ್ಲಿರುತ್ತದೆ. ಮಂಡ್ಯದ ಹತ್ತಿರ ಸರ್ವಿಸ್ ರಸ್ತೆಗೆ ಇಳಿದು 50ರಲ್ಲಿ ಹೋಗುವಾಗ ಬೆರಳು ತಪ್ಪಿ ಅದನ್ನು ಒತ್ತಿದರೆ ಕಾರು 100ಕ್ಕೆ ಹಾರಲು ನೋಡುತ್ತದೆ. ಇಳಿಯುವ ಮೊದಲೇ ಪೂರ್ತಿ ಆಫ್ ಮಾಡಿಬಿಡಿ.

ಪ್ರಶ್ನೆ: ನಮ್ಮದು ಅಡಾಸ್ (ಚಾಲಕರಿಗೆ ನೆರವಾಗುವ ವ್ಯವಸ್ಥೆ) ಇರುವ ಗಾಡಿ. ಮುಂದಿನ ಕಾರಿನ ಹಿಂದೆ ತಾನಾಗಿ ಹೋಗುತ್ತದೆ. ಹೋದ ತಿಂಗಳು ರಾತ್ರಿ ಮುಂದಿದ್ದ ಕಾರು ಥಟ್ಟನೆ ಪಕ್ಕಕ್ಕೆ ಸರಿಯಿತು. ಎದುರಿಗೆ ಕಬ್ಬಿನ ಟ್ರ್ಯಾಕ್ಟರ್ ನಿಂತಿತ್ತು. ನನ್ನ ಗಾಡಿ ನಿಲ್ಲುವ ಬದಲು ವೇಗ ಹೆಚ್ಚಿಸಿತು! ನಾನೇ ಬ್ರೇಕ್ ಒತ್ತಿದ್ದರಿಂದ ಬಚಾವಾದೆ.
– ಓದುಗರು, ಬೆಳಗಾವಿ

ಉತ್ತರ: ಅದಕ್ಕೆ ಹೇಳಿದ ಕೆಲಸವನ್ನೇ ಅದು ಮಾಡಿದೆ. ಅಡಾಪ್ಟಿವ್ ಕ್ರೂಸ್ ರೇಡಾರು, ಕ್ಯಾಮೆರಾಗಳಿಂದ ಮುಂದೆ ಓಡುವ ವಾಹನವನ್ನು ಹಿಂಬಾಲಿಸುತ್ತದೆ. ಆ ವಾಹನ ಸರಿದೊಡನೆ ದಾರಿ ಖಾಲಿಯಾಯಿತೆಂದು ನೀವು ಇಟ್ಟ ವೇಗಕ್ಕೆ ಮರಳಲು ಹೊರಡುತ್ತದೆ. ಎದುರಿಗೆ ನಿಂತ ಟ್ರ್ಯಾಕ್ಟರ್ ಕಾಣಲಿಲ್ಲವೇ ಎಂದರೆ, ಮೇಲ್ಸೇತುವೆ, ಬೋರ್ಡು, ಡಿವೈಡರು ಎಲ್ಲವೂ ರೇಡಾರಿಗೆ ನಿಂತ ವಸ್ತುಗಳೇ. ಅವಕ್ಕೆಲ್ಲ ಬ್ರೇಕ್ ಹಾಕುತ್ತ ಹೋದರೆ ಪ್ರಯಾಣವೇ ಸಾಗದು. ಹಾಗಾಗಿ ಮೊದಲಿನಿಂದಲೂ ನಿಂತೇ ಇದ್ದದ್ದನ್ನು ಅನೇಕ ಕಾರುಗಳು ಕಡೆಗಣಿಸುತ್ತವೆ, ಇಲ್ಲವೇ ತಡವಾಗಿ ಗುರುತಿಸುತ್ತವೆ. ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿರುವ ಕೈಪಿಡಿಯಲ್ಲಿ ಈ ಎಚ್ಚರಿಕೆ ಅಚ್ಚಾಗಿರುತ್ತದೆ, ಓದುವವರು ಕಡಿಮೆ.

ನಿಮ್ಮ ಕಡೆ ಕಬ್ಬಿನ ಹಂಗಾಮಿನಲ್ಲಿ ಹಿಂದಿನ ಲೈಟಿಲ್ಲದ, ಟ್ರೇಲರಿನಿಂದ ಕಬ್ಬು ಚಾಚಿಕೊಂಡ ಟ್ರ್ಯಾಕ್ಟರುಗಳು ರಸ್ತೆಯಲ್ಲೇ ನಿಂತಿರುತ್ತವೆ. ಆ ತಿಂಗಳುಗಳಲ್ಲಿ ರಾತ್ರಿ ಅಡಾಪ್ಟಿವ್ ಕ್ರೂಸ್ ಬೇಡವೇ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ಹಗಲು ಬಳಸುವುದಾದರೆ ಅಂತರದ ಸೆಟ್ಟಿಂಗನ್ನು ಅತಿ ಹೆಚ್ಚಿಗೆ ಇಡಿ. ಮುಂದಿನ ಕಾರಿನ ಬೆನ್ನನ್ನಷ್ಟೇ ನೋಡದೆ ಅದರಾಚೆಯ ರಸ್ತೆ ನೋಡಿ. ಹಳ್ಳಿಗಳ ಮುಂದಿನ ಹಂಪ್‌ಗಳಿಗೂ ಅದು ನಿಧಾನಿಸುವುದಿಲ್ಲ.

ಪ್ರಶ್ನೆ: ಶಿರಾಡಿ ಘಾಟಿಯಲ್ಲಿ ಮಳೆಗೆ ಕ್ರೂಸ್ ಹಾಕಬಹುದೇ?
– ಓದುಗರು, ಸಕಲೇಶಪುರ

ಉತ್ತರ: ಬೇಡ. ಇಳಿಜಾರಿನಲ್ಲಿ ಸಾದಾ ಕ್ರೂಸ್ ಸಾಮಾನ್ಯವಾಗಿ ಆಕ್ಸಿಲರೇಟರ್ ಬಿಡುತ್ತದೆಯೇ ಹೊರತು ಬ್ರೇಕ್ ಒತ್ತುವುದಿಲ್ಲ, ಕಾರು ಇಟ್ಟ ವೇಗವನ್ನೂ ಮೀರಿ ಜಾರುತ್ತದೆ. ನೀರು ನಿಂತ ಕಡೆ ಟೈರು ತೇಲಿದರೆ ಆಕ್ಸಿಲರೇಟರ್ ನಿಮ್ಮ ಪಾದದಲ್ಲೇ ಇರಬೇಕು. ಎರಡನೇ ಇಲ್ಲವೇ ಮೂರನೇ ಗೇರಿನಲ್ಲಿ ಎಂಜಿನ್ ಹಿಡಿತದಲ್ಲಿ ಇಳಿಯಿರಿ.

ಪ್ರಶ್ನೆ: ನನ್ನದು 2016ರ ಕಾರು. ಹೊರಗೆ ಸೆನ್ಸರ್ ಹಾಕಿಸಬಹುದೇ? ಹಾಗೆಯೇ, ರಿವರ್ಸಿನಲ್ಲಿ ಹಾಡು ಬರುವ ಹಾರ್ನನ್ನೂ ಅಂಗಡಿಯವನು ಹಾಕಿಕೊಡುತ್ತಾನಂತೆ.
– ಓದುಗರು, ತುಮಕೂರು

ಉತ್ತರ: ಸೆನ್ಸರ್ ಧಾರಾಳವಾಗಿ ಹಾಕಿಸಿ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಬೇಕಾದಷ್ಟು ಅಂಗಡಿಗಳಿವೆ. ಬಂಪರಿಗೆ ತೂತು ಕೊರೆಯುವ ಮುಂಚೆ ನೆಲದಿಂದ ಸುಮಾರು ಅರ್ಧ ಮೀಟರ್ ಎತ್ತರ ಇದೆಯೇ ಎಂದು ನಿಂತು ಅಳೆಸಿ. ಕೆಳಗಾದರೆ ರಸ್ತೆಯ ಉಬ್ಬಿಗೂ ಕೂಗುತ್ತದೆ. ಎಷ್ಟೋ ಬಿಲ್ಲೆಗಳ ಹಿಂಬದಿಯಲ್ಲಿ ಮೇಲ್ಮುಖದ ಬಾಣದ ಗುರುತಿರುತ್ತದೆ. ಅದನ್ನು ತಲೆಕೆಳಗಾಗಿ ಸಿಕ್ಕಿಸಿದರೆ ಸೆನ್ಸರ್ ನೆಲವನ್ನೇ ನೋಡುತ್ತಿರುತ್ತದೆ. ಬಂಪರಿಗೆ ಬಣ್ಣ ಹೊಡೆಸುವಾಗ ಬಿಲ್ಲೆಗಳ ಮೇಲೆ ಟೇಪು ಅಂಟಿಸಲು ಹೇಳಿ, ದಪ್ಪ ಬಣ್ಣ ಕೂತರೆ ಅವು ಕಿವುಡಾಗುತ್ತವೆ.

ಹಾಡಿನ ಹಾರ್ನ್ ಬೇಡ. ಕೇಂದ್ರ ಮೋಟಾರು ವಾಹನ ನಿಯಮಾವಳಿಯ 119ನೇ ನಿಯಮದಂತೆ ಹಲವು ಸ್ವರದ ಹಾರ್ನ್ ನಿಷಿದ್ಧ, ಕರ್ಕಶ ಸದ್ದಿನ ಬೇರೆ ಸಾಧನಗಳೂ ಹಾಗೆಯೇ. ಸೆನ್ಸರಿನ ಬೀಪ್ ನಿಮಗೊಬ್ಬರಿಗೇ ಕೇಳುತ್ತದೆ. ಬೆಳಗಿನ ಐದು ಗಂಟೆಗೆ ನೀವು ಹಾಡು ಹಾಕಿಕೊಂಡು ಹಿಂದೆ ಬಂದರೆ ಇಡೀ ಬೀದಿಗೆ ಕೇಳುತ್ತದೆ. ಆಮೇಲೆ ಬರುವ ಪತ್ರ ನಿಮ್ಮ ಪಕ್ಕದ ಮನೆಯವರದು.