ಬೆಳಗಿನ ಮೊದಲ ಚಾಲನೆಯಲ್ಲಿ ಎಂಜಿನ್ ಖಟಖಟ: ಬಿಚ್ಚಿಸುವ ಮೊದಲು ನೋಡಬೇಕಾದದ್ದು

ಇತ್ತೀಚಿನ ವರ್ಷಗಳಲ್ಲಿ ರೈತರ ಮನೆಯಂಗಳದಲ್ಲಿ ಟ್ರ್ಯಾಕ್ಟರಿನ ಜೊತೆಗೆ ಒಂದು ಕಾರೋ ಜೀಪೋ ನಿಂತಿರುವುದು ಅಪರೂಪವೇನಲ್ಲ. ಇವುಗಳಲ್ಲಿ ಹಲವು, ಬೇರೆಯವರು ಕೆಲವು ವರ್ಷ ಓಡಿಸಿ ಮಾರಿದ ಹಳೆಯ ವಾಹನಗಳು. ಇಂಥ ವಾಹನವನ್ನು ಬೆಳಿಗ್ಗೆ ಮೊದಲ ಬಾರಿಗೆ ಚಾಲೂ ಮಾಡಿದೊಡನೆ ಎಂಜಿನ್ನಿನಿಂದ ಎರಡು ಮೂರು ಸೆಕೆಂಡುಗಳ ಕಾಲ, ತಗಡಿನ ಡಬ್ಬಿಯಲ್ಲಿ ಹುರುಳಿಕಾಳು ಹಾಕಿ ಅಲುಗಾಡಿಸಿದಂಥ ಖಟಖಟ ಸದ್ದು ಬಂದು ತಾನಾಗಿಯೇ ನಿಂತುಹೋಗುತ್ತದೆ. ಆ ದಿನವೆಲ್ಲ ಮತ್ತೆ ಕೇಳಿಬರುವುದಿಲ್ಲ. ನಿಂತಿತಲ್ಲ ಎಂದು ಸುಮ್ಮನಾಗುವ ರೈತರುಂಟು. ಮೆಕ್ಯಾನಿಕ್ ‘ಬೇರಿಂಗ್ ಹೋಗಿದೆ, ಎಂಜಿನ್ ಇಳಿಸಬೇಕು’ ಎಂದ ಕೂಡಲೇ ಸಾಲ ಮಾಡಿ ಹಣ ಹೊಂದಿಸುವವರೂ ಉಂಟು. ಈ ಎರಡರಿಂದಲೂ ನಷ್ಟವೇ ಹೆಚ್ಚು. ಮೊದಲನೆಯವರ ಎಂಜಿನ್ ಒಂದು ದಿನ ದಾರಿಯಲ್ಲಿಯೇ ಕೆಟ್ಟು ನಿಲ್ಲಬಹುದು. ಎರಡನೆಯವರು ಕೇವಲ ಒಂದು ಫಿಲ್ಟರಿನಿಂದ ಸರಿಹೋಗಬಹುದಾಗಿದ್ದ ದೋಷಕ್ಕೆ ಹಲವು ಸಾವಿರ ರೂಪಾಯಿ ತೆರಬಹುದು.

ಈ ಲೇಖಕ ಓದಿದ್ದು ಬೇಸಾಯಶಾಸ್ತ್ರವನ್ನೇ ಹೊರತು ಯಂತ್ರಶಾಸ್ತ್ರವನ್ನಲ್ಲ. ಆದರೆ ಲಕ್ಷಣವನ್ನು ಓದುವ ಕ್ರಮ ಎರಡಕ್ಕೂ ಒಂದೇ. ‘ಪೈರು ಹಳದಿಯಾಗಿದೆ’ ಎಂದಷ್ಟೇ ಹೇಳಿದರೆ ಸಲಹೆ ಕೊಡಲಾಗದು. ಬುಡದ ಹಳೆಯ ಎಲೆಗಳು ಮೊದಲು ಹಳದಿಯಾದರೆ ಸಾರಜನಕದ ಕೊರತೆಯನ್ನೂ, ಸುಳಿಯ ಹೊಸ ಎಲೆಗಳು ಬಿಳಿಚಿದರೆ ಕಬ್ಬಿಣದ ಕೊರತೆಯನ್ನೂ ಸಂಶಯಿಸುತ್ತೇವೆ. ಎಂಜಿನ್ನಿನ ಸದ್ದಿನಲ್ಲಿಯೂ ಅದು ಯಾವಾಗ ಬರುತ್ತದೆ, ಎಷ್ಟು ಹೊತ್ತು ಇರುತ್ತದೆ, ಯಾವ ಭಾಗದಿಂದ ಬರುತ್ತದೆ ಎಂಬ ಮೂರು ಸಂಗತಿಗಳನ್ನು ಗಮನಿಸಿದರೆ ಅರ್ಧ ಪರೀಕ್ಷೆ ಮುಗಿದಂತೆಯೇ.

ಎಣ್ಣೆ ತಡವಾಗಿ ತಲುಪುವುದು

ಎಂಜಿನ್ನಿನ ತಳದ ತೊಟ್ಟಿಯಲ್ಲಿ, ಅಂದರೆ ಸಂಪಿನಲ್ಲಿ, ಕೀಲೆಣ್ಣೆ ನಿಂತಿರುತ್ತದೆ. ಎಂಜಿನ್ ತಿರುಗಿದಾಗ ಆಯಿಲ್ ಪಂಪು ಅದನ್ನು ಎಳೆದು ಫಿಲ್ಟರಿನ ಮೂಲಕ ಬೇರಿಂಗುಗಳಿಗೂ, ಮೇಲೆ ವಾಲ್ವುಗಳನ್ನು ತೆರೆಯುವ ಭಾಗಗಳಿಗೂ ಒತ್ತಡದಿಂದ ಕಳುಹಿಸುತ್ತದೆ. ಬೇರಿಂಗಿಗೂ ಅದರಲ್ಲಿ ತಿರುಗುವ ಕ್ರಾಂಕ್ ಶಾಫ್ಟಿಗೂ ನಡುವೆ ಇರುವ ಸಂದು ಒಂದು ಮಿಲಿಮೀಟರಿನ ನೂರರಲ್ಲಿ ಕೆಲವೇ ಭಾಗದಷ್ಟು. ಆ ಸಂದಿನಲ್ಲಿ ಎಣ್ಣೆಯ ಪದರ ತುಂಬಿರುವವರೆಗೆ ಲೋಹಕ್ಕೆ ಲೋಹ ತಾಗುವುದಿಲ್ಲ.

ರಾತ್ರಿಯೆಲ್ಲ ನಿಂತ ಎಂಜಿನ್ನಿನಲ್ಲಿ ಮೇಲಿನ ಎಣ್ಣೆ ನಿಧಾನವಾಗಿ ಕೆಳಗೆ ಇಳಿಯುತ್ತದೆ. ಬೆಳಿಗ್ಗೆ ಚಾಲೂ ಮಾಡಿದಾಗ ಕೊಳವೆಗಳೆಲ್ಲ ತುಂಬಿ ಒತ್ತಡ ಬರಲು ಒಂದೆರಡು ಸೆಕೆಂಡು ಬೇಕು. ಬೋರ್‌ವೆಲ್ಲಿನ ಮೋಟಾರು ಹಾಕಿದ ಮೇಲೆ ತೋಟದ ಕೊನೆಯ ಪೈಪಿನಲ್ಲಿ ನೀರು ಬರಲು ತಡವಾಗುವಂತೆಯೇ ಇದು. ಫುಟ್ ವಾಲ್ವು ಸರಿಯಿಲ್ಲದ ಬಾವಿಯ ಪಂಪಿಗೆ ಪ್ರತಿದಿನ ನೀರು ತುಂಬಿಸಬೇಕಾದ ಪಾಡು ರೈತರಿಗೆ ಗೊತ್ತಿರುವುದೇ. ಹಲವು ಆಯಿಲ್ ಫಿಲ್ಟರುಗಳೊಳಗೂ ಅಂಥದೇ ಕೆಲಸ ಮಾಡುವ ಒಂದು ರಬ್ಬರ್ ಪಟಲವಿರುತ್ತದೆ. ಎಂಜಿನ್ ನಿಂತಾಗ ಎಣ್ಣೆ ಹಿಂದಕ್ಕೆ ಹರಿದುಹೋಗದಂತೆ ಅದು ತಡೆಯುತ್ತದೆ. ಬಿಸಿಗೆ ಈ ರಬ್ಬರು ಗಡುಸಾಗಿ ಸರಿಯಾಗಿ ಮುಚ್ಚದೆ ಹೋದರೆ ಫಿಲ್ಟರ್ ರಾತ್ರಿಯಲ್ಲಿ ಬರಿದಾಗುತ್ತದೆ. ಅಗ್ಗದ ನಕಲಿ ಫಿಲ್ಟರುಗಳಲ್ಲಿ ಈ ಪಟಲ ಕಳಪೆಯಾಗಿರಬಹುದು, ಇಲ್ಲದೆಯೂ ಇರಬಹುದು. ಹೊರಗಿನ ಡಬ್ಬಿ ನೋಡಿ ಇದನ್ನು ತಿಳಿಯಲಾಗದು. ಆದ್ದರಿಂದ ಬೇರೇನನ್ನೂ ಬಿಚ್ಚುವ ಮೊದಲು, ವಾಹನ ತಯಾರಕರು ಸೂಚಿಸಿದ ಫಿಲ್ಟರನ್ನು ನಂಬಿಕೆಯ ಅಂಗಡಿಯಲ್ಲಿ ಕೊಂಡು ಹಾಕಿಸಿ, ಎಣ್ಣೆಯನ್ನೂ ಬದಲಿಸಿ ನೋಡುವುದು ಲೇಸು. ಹೇಗೂ ಮಾಡಿಸಲೇಬೇಕಾದ ಕೆಲಸವಿದು. ಎಷ್ಟೋ ವೇಳೆ ದೋಷ ಇಲ್ಲಿಗೇ ಮುಗಿಯುತ್ತದೆ.

ಎಣ್ಣೆಯ ಮಟ್ಟವನ್ನು ಸಮತಟ್ಟಾದ ನೆಲದಲ್ಲಿ, ಎಂಜಿನ್ ನಿಲ್ಲಿಸಿ ಸ್ವಲ್ಪ ಹೊತ್ತಾದ ಮೇಲೆ ಅಳತೆ ಕಡ್ಡಿಯಿಂದ ನೋಡಬೇಕು. ಮಟ್ಟ ಕೆಳಗಿನ ಗೆರೆಗಿಂತ ಕೆಳಗಿದ್ದರೆ ಪಂಪು ಎಣ್ಣೆಯ ಜೊತೆಗೆ ಗಾಳಿಯನ್ನೂ ಎಳೆಯುತ್ತದೆ. ಎಣ್ಣೆ ಹಾಕದಿದ್ದರೂ ಮಟ್ಟ ಏರುತ್ತಿದ್ದರೆ, ಕಡ್ಡಿಯಲ್ಲಿ ಡೀಸೆಲ್ಲಿನ ವಾಸನೆ ಬಂದರೆ, ಇಂಧನ ಸೋರಿ ಎಣ್ಣೆಯನ್ನು ನೀರಾಗಿಸುತ್ತಿದೆ ಎಂದು ತಿಳಿಯಬೇಕು. ಹಾಲು ಹಾಕಿದ ಕಾಫಿಯಂತೆ ಕಂಡರೆ ನೀರು ಸೇರಿದೆ. ಅಂಥ ವಾಹನವನ್ನು ಚಾಲೂ ಮಾಡುವುದೇ ಬೇಡ.

ಎಣ್ಣೆಯ ದರ್ಜೆಯ ಬಗ್ಗೆಯೂ ಒಂದು ಮಾತು. 15ಡಬ್ಲ್ಯು-40 ಎಂಬ ಗುರುತಿನಲ್ಲಿ ಮೊದಲ ಸಂಖ್ಯೆ ಚಳಿಯಲ್ಲಿ ಎಣ್ಣೆ ಎಷ್ಟು ಸರಾಗವಾಗಿ ಹರಿಯುತ್ತದೆ ಎಂಬುದನ್ನೂ, ಎರಡನೆಯದು ಎಂಜಿನ್ ಬಿಸಿಯಾದ ಮೇಲಿನ ಮಂದತೆಯನ್ನೂ ಸೂಚಿಸುತ್ತದೆ. ಮೊದಲ ಸಂಖ್ಯೆ ಚಿಕ್ಕದಾದಷ್ಟೂ ಚಳಿಯಲ್ಲಿ ಎಣ್ಣೆ ಬೇಗ ಮೇಲೇರುತ್ತದೆ. ಸದ್ದು ಅಡಗಲೆಂದು ಕೆಲವರು ಇನ್ನೂ ಮಂದವಾದ ಎಣ್ಣೆಯನ್ನು ತುಂಬಿಸುತ್ತಾರೆ. ಬಿಸಿ ಎಂಜಿನ್ನಿನ ಸದ್ದು ಇದರಿಂದ ತಗ್ಗಬಹುದು, ಆದರೆ ಬೆಳಗಿನ ಚಾಲನೆಯಲ್ಲಿ ಎಣ್ಣೆ ತಲುಪುವುದು ಮತ್ತಷ್ಟು ತಡವಾಗುತ್ತದೆ. ವಾಹನದ ಕೈಪಿಡಿಯಲ್ಲಿ ಹೇಳಿದ ದರ್ಜೆಯನ್ನೇ ಬಳಸತಕ್ಕದ್ದು.

ಮೂರು ಚಾಲನೆಗಳ ಪರೀಕ್ಷೆ

ಇದಕ್ಕೆ ಯಾವ ಉಪಕರಣವೂ ಬೇಡ, ಒಂದು ದಿನದ ತಾಳ್ಮೆ ಸಾಕು. ರಾತ್ರಿಯೆಲ್ಲ ನಿಂತ ವಾಹನವನ್ನು ಬೆಳಿಗ್ಗೆ ಆಕ್ಸಿಲರೇಟರ್ ಒತ್ತದೆ ಚಾಲೂ ಮಾಡಿರಿ. ಮನೆಯವರೊಬ್ಬರು ಬಾನೆಟ್ಟಿನ ಬಳಿ ನಿಂತು ಕೇಳಲಿ. ಚಾಲಕ ಆಯಿಲ್ ಒತ್ತಡದ ಕೆಂಪು ದೀಪ ಆರಲು ಎಷ್ಟು ಸೆಕೆಂಡು ಹಿಡಿಯಿತೆಂದು ಎಣಿಸಲಿ. ಎಂಜಿನ್ ಬಿಸಿಯಾದ ಮೇಲೆ ನಿಲ್ಲಿಸಿ, ಐದು ನಿಮಿಷ ಬಿಟ್ಟು ಎರಡನೆಯ ಸಲ ಚಾಲೂ ಮಾಡಿರಿ. ಮತ್ತೆ ನಿಲ್ಲಿಸಿ ಎರಡು ಮೂರು ಗಂಟೆ ಕಳೆದ ಮೇಲೆ ಮೂರನೆಯ ಸಲ.

ಬೆಳಿಗ್ಗೆ ಮಾತ್ರ ಸದ್ದು ಬಂದು, ದೀಪ ಆರುವ ಹೊತ್ತಿಗೇ ಅದೂ ನಿಂತರೆ ಎಣ್ಣೆ ಕೆಳಗಿಳಿದು ತಡವಾಗಿ ತಲುಪುತ್ತಿದೆ ಎಂಬುದು ಬಹುಮಟ್ಟಿಗೆ ಖಚಿತ. ಐದು ನಿಮಿಷದ ಬಳಿಕದ ಬಿಸಿ ಚಾಲನೆಯಲ್ಲಿಯೂ ಸದ್ದು ಬಂದರೆ ಎಣ್ಣೆ ಇಳಿದುಹೋಗಲು ವೇಳೆಯೇ ಸಿಕ್ಕಿಲ್ಲ. ಆಗ ಸವೆದ ಭಾಗವನ್ನೋ ಸಡಿಲವಾದ ಭಾಗವನ್ನೋ ಹುಡುಕಬೇಕು.

ಯಾಂತ್ರಿಕ ಪಂಪಿನ ಹಳೆಯ ಡೀಸೆಲ್ ಟ್ರ್ಯಾಕ್ಟರು, ಜೀಪುಗಳಲ್ಲಿ ಇನ್ನೊಂದು ಪರೀಕ್ಷೆ ಸಾಧ್ಯ. ಗೇರು ನ್ಯೂಟ್ರಲ್ಲಿನಲ್ಲಿಟ್ಟು, ಬ್ರೇಕು ಹಾಕಿ, ಎಂಜಿನ್ ನಿಲ್ಲಿಸುವ ಗುಂಡಿಯನ್ನು ಎಳೆದು ಹಿಡಿದುಕೊಂಡೇ ಸ್ಟಾರ್ಟರನ್ನು ತಿರುಗಿಸಿರಿ. ಡೀಸೆಲ್ ಹೋಗದ ಕಾರಣ ಎಂಜಿನ್ ಹತ್ತುವುದಿಲ್ಲ, ಆದರೆ ಆಯಿಲ್ ಪಂಪು ತಿರುಗುತ್ತದೆ. ಕೆಂಪು ದೀಪ ಆರುವವರೆಗೆ, ಹೆಚ್ಚೆಂದರೆ 10 ಸೆಕೆಂಡು ತಿರುಗಿಸಿ, ಅರ್ಧ ನಿಮಿಷ ಬಿಟ್ಟು, ಗುಂಡಿಯನ್ನು ಒಳಕ್ಕೆ ತಳ್ಳಿ ಚಾಲೂ ಮಾಡಿರಿ. ಆಗ ಸದ್ದು ಬಾರದಿದ್ದರೆ ಕಾರಣ ಎಣ್ಣೆಯದೇ. ಒಂದೇ ಸಮನೆ ಬಹಳ ಹೊತ್ತು ತಿರುಗಿಸಿದರೆ ಸ್ಟಾರ್ಟರೂ ಬ್ಯಾಟರಿಯೂ ಕೆಡುತ್ತವೆ.

ಟೈಮಿಂಗ್ ಚೈನಿನ ಸದ್ದು

ನಿಜವಾಗಿ ಹೆದರಬೇಕಾದದ್ದು ಇದಕ್ಕೆ. ಕ್ರಾಂಕ್ ಶಾಫ್ಟಿನ ತಿರುಗುವಿಕೆಯನ್ನು ಮೇಲಿನ ಕ್ಯಾಮ್ ಶಾಫ್ಟಿಗೆ ಒಯ್ದು, ವಾಲ್ವುಗಳು ಸರಿಯಾದ ಕ್ಷಣದಲ್ಲಿ ತೆರೆಯುವಂತೆ ಮಾಡುವುದು ಟೈಮಿಂಗ್ ವ್ಯವಸ್ಥೆ. ಟ್ರ್ಯಾಕ್ಟರುಗಳಲ್ಲಿ ಸಾಮಾನ್ಯವಾಗಿ ಈ ಕೆಲಸಕ್ಕೆ ಹಲ್ಲಿನ ಚಕ್ರಗಳಿರುತ್ತವೆ. ಹಳೆಯ ಮಾರುತಿ 800 ಕಾರಿನಲ್ಲಿ ರಬ್ಬರ್ ಬೆಲ್ಟ್ ಇತ್ತು. ಅನೇಕ ಕಾರುಗಳಲ್ಲಿ ಸೈಕಲ್ಲಿನಂತೆ ಚೈನು ಇರುತ್ತದೆ. ಫಿಯೆಟ್ ಸಂಸ್ಥೆ ರೂಪಿಸಿದ, ಸ್ವಿಫ್ಟ್, ಡಿಜೈರ್, ಇಂಡಿಕಾ ವಿಸ್ಟಾ ಮೊದಲಾದ ಕಾರುಗಳಲ್ಲಿ ಬಂದ 1.3 ಲೀಟರಿನ ಡೀಸೆಲ್ ಎಂಜಿನ್ ಚೈನಿನದು. ಮಾರುತಿ ಸಂಸ್ಥೆ 2020ರಲ್ಲಿ ಡೀಸೆಲ್ ಕಾರುಗಳನ್ನು ನಿಲ್ಲಿಸಿದ್ದರಿಂದ ಅದರ ಇಂಥ ಕಾರುಗಳು ಈಗ ರೈತರ ಕೈಗೆ ಬರುವುದು ಹಳೆಯವಾಗಿಯೇ. ಹಿಂದಿನ ಒಡೆಯರು ಎಣ್ಣೆಯನ್ನು ಎಷ್ಟು ಕ್ರಮವಾಗಿ ಬದಲಿಸಿದ್ದರು ಎಂಬುದರ ಮೇಲೆ ಚೈನಿನ ಆಯುಷ್ಯ ನಿಂತಿದೆ.

ಇಂಥ ಚೈನನ್ನು ಬಿಗಿಯಾಗಿ ಹಿಡಿದಿಡುವುದು ಎಣ್ಣೆಯ ಒತ್ತಡದಿಂದ ಕೆಲಸ ಮಾಡುವ ಟೆನ್ಷನರ್. ಒತ್ತಡ ಬರುವವರೆಗೆ ಚೈನು ಸಡಿಲವಾಗಿದ್ದು ಸುತ್ತಲಿನ ಪಟ್ಟಿಗಳಿಗೆ ಬಡಿಯುತ್ತದೆ. ಒತ್ತಡ ಬಂದೊಡನೆ ಸುಮ್ಮನಾಗುತ್ತದೆ. ಚೈನು ‘ಉದ್ದವಾಗಿದೆ’ ಎಂದು ಹೇಳುವುದು ವಾಡಿಕೆ. ಕಬ್ಬಿಣ ಹಿಗ್ಗಿರುವುದಿಲ್ಲ, ಪ್ರತಿಯೊಂದು ಕೊಂಡಿಯ ಪಿನ್ನೂ ಚೂರುಚೂರು ಸವೆದು ಒಟ್ಟಿನಲ್ಲಿ ಉದ್ದ ಹೆಚ್ಚಿರುತ್ತದೆ. ಮಸಿ ತುಂಬಿದ ಹಳೆಯ ಎಣ್ಣೆ ಈ ಸವೆತವನ್ನು ಚುರುಕುಗೊಳಿಸುತ್ತದೆ.

ಈ ಸದ್ದು ಎಂಜಿನ್ನಿನ ನಡುವಿನಿಂದಲ್ಲ, ಚೈನಿನ ಮುಚ್ಚಳವಿರುವ ತುದಿಯಿಂದ ಬರುತ್ತದೆ. ಉದ್ದನೆಯ ಸ್ಕ್ರೂ ಡ್ರೈವರಿನ ತುದಿಯನ್ನು ಮುಚ್ಚಳಕ್ಕೆ ತಾಗಿಸಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡರೆ ಸ್ಪಷ್ಟವಾಗಿ ಕೇಳುತ್ತದೆ. ಫ್ಯಾನು, ಬೆಲ್ಟುಗಳಿಂದ ಕೈಯನ್ನೂ ಟವೆಲ್ಲನ್ನೂ ದೂರವಿಡಬೇಕು. ಹೊಸ ಎಣ್ಣೆ, ಹೊಸ ಫಿಲ್ಟರ್ ಹಾಕಿದ ಮೇಲೂ ಸದ್ದು ನಿಲ್ಲದಿದ್ದರೆ, ಅಥವಾ ಎರಡು ಸೆಕೆಂಡಿನದು ವಾರದಿಂದ ವಾರಕ್ಕೆ ಬೆಳೆಯುತ್ತಿದ್ದರೆ, ಮುಂದೂಡಬಾರದು. ಚೈನು ಹಲ್ಲು ಹಾರಿದರೆ ವಾಲ್ವುಗಳು ಪಿಸ್ಟನ್ನಿಗೆ ಬಡಿದು ಬಾಗುತ್ತವೆ. ಆಗ ಚೈನಿನ ಖರ್ಚಿನಲ್ಲಿ ಮುಗಿಯುವುದಿಲ್ಲ. ಹೊಸ ಚೈನು ಹಾಕಿಸುವಾಗ ಟೆನ್ಷನರು, ಪಟ್ಟಿಗಳು ಹಾಗೂ ಹಲ್ಲಿನ ಚಕ್ರಗಳನ್ನೂ ಒಟ್ಟಿಗೇ ಬದಲಿಸಬೇಕು.

ಎಣ್ಣೆಗೆ ಸಂಬಂಧಿಸದ ಸದ್ದುಗಳು

ಸೈಲೆನ್ಸರಿನ ಬಿಸಿತಡೆ ತಗಡು, ಬ್ಯಾಟರಿಯ ಪಟ್ಟಿ, ಟ್ರ್ಯಾಕ್ಟರಿನ ಟೂಲ್ ಬಾಕ್ಸು ಇವು ಸಡಿಲವಾಗಿದ್ದರೂ ಖಟಖಟ ಬರುತ್ತದೆ. ಎಂಜಿನ್ ಹತ್ತುವಾಗಲೂ ನಿಲ್ಲುವಾಗಲೂ ಒಮ್ಮೆ ನಡುಗುವುದರಿಂದ ಈ ಸದ್ದು ಎರಡೂ ವೇಳೆಯಲ್ಲಿ ಕೇಳುತ್ತದೆ. ತಣ್ಣಗಿರುವಾಗ ಮುಷ್ಟಿಯಿಂದ ಗುದ್ದಿ ನೋಡಿದರೆ ಸಾಕು. ಸ್ಟಾರ್ಟರಿನ ಹಲ್ಲು ತಡವಾಗಿ ಹಿಂದೆ ಸರಿದರೆ ಗಿರಣಿಯಂಥ ಕರ್ಕಶ ಧ್ವನಿ ಫ್ಲೈವೀಲಿನ ಕಡೆಯಿಂದ ಬರುತ್ತದೆ.

ಚಳಿಗಾಲದ ಬೆಳಿಗ್ಗೆ ಡೀಸೆಲ್ ಎಂಜಿನ್ ಅರ್ಧ ನಿಮಿಷವೋ ಒಂದು ನಿಮಿಷವೋ ಗಡುಸಾಗಿ ಬಡಿದು ಬಿಳಿ ಹೊಗೆ ಬಿಟ್ಟರೆ ಅದು ಉರಿಯುವಿಕೆಯ ಸದ್ದು. ತಣ್ಣನೆಯ ಸಿಲಿಂಡರಿನಲ್ಲಿ ಡೀಸೆಲ್ ಹೊತ್ತಿಕೊಳ್ಳಲು ತಡವಾಗಿ, ಸೇರಿದ್ದೆಲ್ಲ ಒಮ್ಮೆಗೇ ಉರಿಯುತ್ತದೆ. ಗ್ಲೋ ಪ್ಲಗ್ ಇರುವ ವಾಹನದಲ್ಲಿ ಅದನ್ನು ಪರೀಕ್ಷಿಸಬೇಕು. ಪಿಸ್ಟನ್ ಬಡಿತವೂ ಹೀಗೆಯೇ ಬಿಸಿಯಾದಂತೆ ತಗ್ಗುತ್ತದೆ. ಅಲ್ಯೂಮಿನಿಯಂ ಬೀಡುಕಬ್ಬಿಣಕ್ಕಿಂತ ಸುಮಾರು ಎರಡರಷ್ಟು ಹಿಗ್ಗುವುದರಿಂದ, ತಣ್ಣಗಿರುವಾಗ ಬೀಡುಕಬ್ಬಿಣದ ಸಿಲಿಂಡರಿನಲ್ಲಿ ಪಿಸ್ಟನ್ ಸಡಿಲ. ಎಣ್ಣೆ ಹೆಚ್ಚು ಉರಿಯದೆ, ಎಳೆತ ತಗ್ಗದೆ ಇದ್ದರೆ ಇದರಿಂದ ತಕ್ಷಣದ ಅಪಾಯವಿಲ್ಲ.

ಯಾವ ಸಿಲಿಂಡರಿನದು ಎಂದು ತಿಳಿಯಲು ಹಿಂದೆ ಇಂಜೆಕ್ಟರಿನ ಪೈಪು ಸಡಿಲಿಸಿ ನೋಡುತ್ತಿದ್ದರು. ಈಗಿನ ಕಾಮನ್ ರೈಲ್ ಡೀಸೆಲ್ ಎಂಜಿನ್ನುಗಳಲ್ಲಿ ಒತ್ತಡ 1000 ಬಾರ್ ಮೀರುತ್ತದೆ. ಅಲ್ಲಿ ಎಂಜಿನ್ ಓಡುತ್ತಿರುವಾಗ ಪೈಪು ಮುಟ್ಟಿದರೆ ಡೀಸೆಲ್ ಚರ್ಮದೊಳಗೇ ನುಗ್ಗುತ್ತದೆ. ಖಂಡಿತ ಮಾಡಕೂಡದು.

ಬೇರಿಂಗ್ ನಿಜವಾಗಿಯೂ ಸವೆದಿದೆಯೇ?

ಬೇರಿಂಗಿನ ಸದ್ದು ಭಾರವಾದದ್ದು, ತಳದಿಂದ ಬರುವಂಥದು. ಚಾಲೂ ಮಾಡಿದಾಗ ಬಂದು ನಿಂತರೂ ಏರಿನಲ್ಲಿ ಎಳೆಯುವಾಗ ಮತ್ತೆ ಕಾಣಿಸಿಕೊಳ್ಳುತ್ತದೆ. ಬಿಸಿಯಾದ ಮೇಲೆ ನಿಧಾನಗತಿಯಲ್ಲಿ ಕೆಂಪು ದೀಪ ಮಿನುಗುವುದೂ ಇದರ ಜೊತೆಗಾರ ಲಕ್ಷಣ. ಎಂಜಿನ್ ಇಳಿಸಲು ಒಪ್ಪುವ ಮೊದಲು ಎರಡು ಸಾಕ್ಷಿ ಕೇಳಿರಿ. ಒಂದು, ದೀಪದ ಸ್ವಿಚ್ಚು ಬಿಚ್ಚಿ ಆ ಜಾಗದಲ್ಲಿ ಗೇಜು ಜೋಡಿಸಿ ಅಳೆದ ಎಣ್ಣೆಯ ಒತ್ತಡ; ಅದನ್ನು ಕೈಪಿಡಿಯ ಅಂಕಿಗೆ ಹೋಲಿಸಬೇಕು. ಇನ್ನೊಂದು, ಹಳೆಯ ಎಣ್ಣೆಯನ್ನು ಬಿಳಿ ಬಟ್ಟೆಯಲ್ಲಿ ಸೋಸಿ, ಫಿಲ್ಟರನ್ನು ಸೀಳಿ ನೋಡುವುದು. ತಾಮ್ರವರ್ಣದ ಹೊಳೆಯುವ ಚೂರುಗಳು ಕಂಡರೆ ಬೇರಿಂಗಿನ ಮೇಲ್ಪದರ ಕಿತ್ತಿರಬಹುದು. ಆಗ ವಾಹನವನ್ನು ಓಡಿಸದೆ ಎಳೆದುಕೊಂಡೇ ಹೋಗಬೇಕು. ಅಯಸ್ಕಾಂತಕ್ಕೆ ಅಂಟುವ ಚೂರುಗಳು ಉಕ್ಕಿನ ಭಾಗಗಳವು. ಮಸಿ ಬಿಟ್ಟರೆ ಬೇರೇನೂ ಇಲ್ಲವಾದರೆ ಎಂಜಿನ್ ಬಿಚ್ಚಿಸಲು ಅವಸರ ಬೇಡ.

ದೋಷ ಪತ್ತೆಯಾಗುವವರೆಗೆ, ಚಾಲೂ ಮಾಡಿದ ಮೊದಲ ಅರ್ಧ ನಿಮಿಷ ಆಕ್ಸಿಲರೇಟರ್ ಒತ್ತಕೂಡದು. ಟರ್ಬೊ ಇರುವ ಎಂಜಿನ್ನಿಗೆ ಇದು ಇನ್ನೂ ಮುಖ್ಯ.

ಮೆಕ್ಯಾನಿಕ್ಕಿನ ಬಳಿಗೆ ಬೆಳಿಗ್ಗೆ ವಾಹನವನ್ನು ಓಡಿಸಿಕೊಂಡು ಹೋದರೆ, ತಲುಪುವ ಹೊತ್ತಿಗೆ ಎಂಜಿನ್ ಬಿಸಿಯಾಗಿ ಸದ್ದು ಮಾಯವಾಗಿರುತ್ತದೆ. ಅವನು ಊಹೆಯಿಂದ ಹೇಳಬೇಕಾಗುತ್ತದೆ. ಹಿಂದಿನ ಸಂಜೆಯೇ ಬಿಟ್ಟುಬಂದು, ಮರುದಿನ ನೀವು ಹೋಗುವವರೆಗೆ ಚಾಲೂ ಮಾಡಬಾರದೆಂದು ಹೇಳಿರಿ. ಅದು ಸಾಧ್ಯವಿಲ್ಲದಿದ್ದರೆ ಮೂರು ಬೆಳಗಿನ ಸದ್ದನ್ನು ಮೊಬೈಲಿನಲ್ಲಿ ಹಿಡಿದಿಟ್ಟು, ದೀಪ ಆರಿದ ಸೆಕೆಂಡುಗಳನ್ನೂ ಎಣ್ಣೆ ಬದಲಿಸಿದ ತಾರೀಖನ್ನೂ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿರಿ.