ಬಿಳಿ ಸೀರೆಯ ಅಮ್ಮಮ್ಮ ಯಾವ ಸಭೆಯವರು?

ಕಳೆದ ಬೇಸಗೆ ರಜೆಯಲ್ಲಿ ಹೈದರಾಬಾದಿನ ಜೀಡಿಮೆಟ್ಲಾದಲ್ಲಿದ್ದೆ. ಅಲ್ಲಿಯ ಕಾರ್ಖಾನೆಯೊಂದರಲ್ಲಿ ಅಣ್ಣನಿಗೆ ಕೆಲಸ. ಪಕ್ಕದ ಕೋಣೆಯಲ್ಲಿ ಒಬ್ಬರೇ ಇದ್ದ ತೆಲುಗು ಮುದುಕಿಯನ್ನು ಓಣಿಯವರೆಲ್ಲ ‘ಅಮ್ಮಮ್ಮ’ ಎನ್ನುತ್ತಿದ್ದರು. ಒಂದು ಬೆಳಿಗ್ಗೆ ಅವರು ತೀರಿಕೊಂಡರು. ಮಗ ದೂರದ ಊರಲ್ಲಿ, ಫೋನಿಗೆ ಸಿಗಲೊಲ್ಲ. ಕ್ರೈಸ್ತರೆಂದು ಗೊತ್ತಿತ್ತು. ಆದರೆ ಮಣ್ಣು ಮಾಡಲು ಯಾವ ಸಭೆಯವರನ್ನು ಕರೆಯುವುದು?

ಮನೆ ಮಾಲಿಕ, “ಬಿಳಿ ಸೀರೆ ಉಡ್ತಿದ್ರಲ್ಲ, ಪೆಂತೆಕೊಸ್ತಿನವರೇ” ಎಂದ. ಎದುರು ಮನೆಯಾಕೆ, “ಪ್ರಾರ್ಥನೆಗೆ ತಲೆ ಮೇಲೆ ಸೆರಗು ಹಾಕ್ತಿದ್ರು, ಕ್ಯಾಥೊಲಿಕ್ ಇರಬೇಕು” ಎಂದರು. ನಾನು ಬೀದರಿನವ; ನನಗೆ ಗೊತ್ತಿದ್ದದ್ದು ಮೆಥಡಿಸ್ಟರು ಮಾತ್ರ. ಆ ದಿನ ಕಲಿತ ಪಾಠವನ್ನು ಮಿತ್ರರ ಮುಂದಿಡುತ್ತಿದ್ದೇನೆ.

ಮೊದಲು ಬಟ್ಟೆ. ಇದು ಬಲವಾದ ಗುರುತಲ್ಲ. ಸಿಲೋನಿನಲ್ಲಿ ಹುಟ್ಟಿದ ಪೆಂತೆಕೊಸ್ತಲ್ ಮಿಷನ್ನಿನ ಸೇವಕರು ಬಿಳಿ ಉಡುತ್ತಾರೆ. ಅವರು ಮದುವೆಯಾಗದೆ ‘ವಿಶ್ವಾಸ ಗೃಹ’ಗಳಲ್ಲಿ ಒಟ್ಟಿಗೆ ಬಾಳುವವರು. ಬಿಳಿ ಉಡುವ ಸಭೆಗಳು ಬೇರೆಯೂ ಇವೆ. ತಲೆ ಮೇಲೆ ಸೆರಗಂತೂ ಹಲವು ಸಭೆಗಳಲ್ಲಿ ಉಂಟು.

ಎರಡನೆಯದು ಮಾತು. ಕ್ಯಾಥೊಲಿಕರು ‘ಪೂಜೆ’ಗೆ ಹೋಗುತ್ತಾರೆ, ‘ಫಾದರ್’ ಎನ್ನುತ್ತಾರೆ. ಮೆಥಡಿಸ್ಟರಲ್ಲೂ, 1947ರಲ್ಲಿ ಹಲವು ಸಭೆಗಳು ಕೂಡಿ ಆದ ಸಿ.ಎಸ್.ಐ.ಯಲ್ಲೂ ಬಿಷಪ್ಪರು ಇದ್ದಾರೆ, ಕೂಸುಗಳಿಗೂ ದೀಕ್ಷಾಸ್ನಾನ ಉಂಟು. ಪೆಂತೆಕೊಸ್ತಿನವರಲ್ಲಿ ‘ಅನ್ಯಭಾಷೆ’ಯ ಮಾತು ಬಂದೇ ಬರುತ್ತದೆ. ಅಮ್ಮಮ್ಮನ ಬಾಯಲ್ಲಿ ಇವು ಯಾವುವೂ ಇರಲಿಲ್ಲ. ಅಣ್ಣ ನೆನಪು ಮಾಡಿಕೊಂಡು ಹೇಳಿದ: “ಪ್ರತಿ ಆದಿತ್ಯವಾರ ‘ರೊಟ್ಟೆ ವಿರುಚುಟ’ ಅಂತಿದ್ರು, ಆಮೇಲೆ ‘ಪ್ರೇಮ ವಿಂದು’ ಅಂತ ಊಟ. ಚಾಪೆ ಮೇಲೆ ಕೂಡ್ತಾರಂತೆ, ಚಪ್ಪಲಿ ಹೊರಗೆ.”

ರೊಟ್ಟೆ ವಿರುಚುಟ ಎಂದರೆ ರೊಟ್ಟಿ ಮುರಿಯುವುದು, ಕರ್ತನ ಭೋಜನ. ಅದನ್ನು ವಾರವಾರವೂ ಮಾಡುವವರಲ್ಲಿ ಬ್ರದರನ್ ಸಭೆಯವರು ಹಳಬರು. 1836ರಲ್ಲಿ ಆಂಟನಿ ನಾರಿಸ್ ಗ್ರೋವ್ಸ್ ಜತೆ ಬಂದವರಿಂದ ಗೋದಾವರಿ ಸೀಮೆಯಲ್ಲಿ ಬೇರೂರಿದವರು. ಆದರೆ ಬಿಳಿ ಬಟ್ಟೆ, ಚಾಪೆ, ಪ್ರೇಮ ವಿಂದು ಎಲ್ಲ ಒಟ್ಟಿಗೆ ಬಂದರೆ ಇನ್ನೊಂದು ದಾರಿ ಕಾಣುತ್ತದೆ.

ಮೂರನೆಯದು ಪುಸ್ತಕ. ಟ್ರಂಕಿನ ಮೇಲೆ ಬೈಬಲ್ಲಿನ ಪಕ್ಕದಲ್ಲಿ ಹಾಡಿನ ಪುಸ್ತಕವಿತ್ತು. ತೆಲುಗು ಲಿಪಿ ನಮ್ಮದಕ್ಕೆ ಅಕ್ಕತಂಗಿಯಿದ್ದಂತೆ. ಕೂಡಿಸಿ ಕೂಡಿಸಿ ಓದಿದೆ: ‘ಸೀಯೋನು ಗೀತಮುಲು’. ಸಿ.ಎಸ್.ಐ. ಮುಂತಾದವರಲ್ಲಿ ನಡೆಯುವುದು ‘ಆಂಧ್ರ ಕ್ರೈಸ್ತವ ಕೀರ್ತನಲು’. ಸೀಯೋನು ಗೀತೆಗಳು ಹೆಬ್ರೋನಿನವರವು. ಅನುಮಾನ ಕರಗಿತು.

ಹೆಬ್ರೋನ್ ಅಬ್ರಹಾಮನು ವಾಸಿಸಿದ ಊರು. ಆ ಹೆಸರಿನ ಸಭಾಸ್ಥಾನ ಹೈದರಾಬಾದಿನ ಗೋಲ್ಕೊಂಡ ಕ್ರಾಸ್ ರೋಡ್ಸಿನಲ್ಲಿದೆ. 1950ರಲ್ಲಿ ಆರಂಭಿಸಿದವರು ಭಕ್ತ್ ಸಿಂಗ್. 1903ರಲ್ಲಿ ಪಂಜಾಬಿನ ಸಿಖ್ ಮನೆತನದಲ್ಲಿ ಹುಟ್ಟಿ, ಇಂಜಿನಿಯರಿಂಗ್ ಓದಲು ವಿದೇಶಕ್ಕೆ ಹೋಗಿ, 1932ರಲ್ಲಿ ಕೆನಡಾದಲ್ಲಿ ದೀಕ್ಷಾಸ್ನಾನ ಪಡೆದವರು. 1941ರಲ್ಲಿ ಮದರಾಸಿನಲ್ಲಿ ‘ಯೆಹೋವ ಶಮ್ಮಾ’ ಎಂಬ ಸಭೆ ಕಟ್ಟಿದರು; 2000ದಲ್ಲಿ ಹೈದರಾಬಾದಿನಲ್ಲೇ ತೀರಿಕೊಂಡರು. ನೆಲದ ಮೇಲೆ ಕೂಡುವುದು, ಚಪ್ಪಲಿ ಹೊರಗಿಡುವುದು, ಎಲ್ಲರೂ ಕೂಡಿ ಉಣ್ಣುವುದು ನಮ್ಮ ದೇಶದ ರೂಢಿಯೇ. ಅದನ್ನೇ ಅವರು ಆರಾಧನೆಗೆ ತಂದುಕೊಂಡರು.

ಸುದ್ದಿ ಮುಟ್ಟಿಸಿದೆವು. ಎರಡು ತಾಸಿನೊಳಗೆ ‘ಸಹೋದರ’ರು, ‘ಸಹೋದರಿ’ಯರು ಬಂದರು. ಚಾಪೆ ಹಾಸಿ ಕೂತು ಅದೇ ಪುಸ್ತಕದಿಂದ ಹಾಡಿದರು. ಸಂಜೆಗೆ ಮಗ ಬಂದಾಗ ಎಲ್ಲ ಏರ್ಪಾಡೂ ಆಗಿತ್ತು.

ಒಂದೇ ರಸೀದಿ ನೋಡಿ ಲೆಕ್ಕ ಮುಗಿಸಬಾರದೆಂದು ನಾವು ಕಾಮರ್ಸಿನವರು ಕಲಿಯುತ್ತೇವೆ. ಇಲ್ಲಿಯೂ ಹಾಗೆಯೇ. ಕಣ್ಣಿಗೆ ಕಂಡದ್ದಕ್ಕಿಂತ ಅವರು ತಮ್ಮ ರೊಟ್ಟಿಗೆ, ಊಟಕ್ಕೆ, ಒಬ್ಬರಿಗೊಬ್ಬರು ಇಟ್ಟುಕೊಂಡ ಹೆಸರು ಹೆಚ್ಚು ಹೇಳುತ್ತದೆ.

ಇದೆಲ್ಲಕ್ಕಿಂತ ಸುಲಭವಾದ ದಾರಿ ಇನ್ನೊಂದಿತ್ತು. ಮೂರು ವಾರ ಅವರ ಪಕ್ಕದಲ್ಲಿದ್ದೆ, ಎರಡು ಸಲ ಅವರ ಕೈಯಿಂದ ಚಹ ಕುಡಿದಿದ್ದೆ. “ಅಮ್ಮಮ್ಮಾ, ಆದಿತ್ಯವಾರ ಎಲ್ಲಿಗೆ ಹೋಗ್ತೀರಿ?” ಎಂದು ಒಂದು ಮಾತು ಕೇಳಿರಲಿಲ್ಲ.