ಸೋರುವ ಸ್ಟಿಯರಿಂಗ್ ರ‍್ಯಾಕ್: ಪರೀಕ್ಷೆ ಮತ್ತು ದುರಸ್ತಿ

ಕುಪವಾಡದ ಔದ್ಯೋಗಿಕ ವಸಾಹತಿನಲ್ಲಿ ಯಂತ್ರಗಳನ್ನು ನಂಬಿ ಬದುಕು ಸಾಗಿಸುವ ಕನ್ನಡ ಕುಟುಂಬಗಳು ಅನೇಕ. ನಮ್ಮ ಶಾಲೆಯಲ್ಲಿ ಓದಿ ಕಾರ್ಖಾನೆ, ಗ್ಯಾರೇಜುಗಳನ್ನು ಸೇರಿದವರೂ ಉಂಟು. ಕೈಗೆ ಹತ್ತಿದ ವಿದ್ಯೆಯನ್ನು ತಾಯ್ನುಡಿಯಲ್ಲಿ ಬರೆದಿಡುವುದು ಶಾಲೆಯ ಋಣವನ್ನು ತೀರಿಸುವ ಒಂದು ಬಗೆಯೆಂದು ಭಾವಿಸಿ, ವಾಹನ ದುರಸ್ತಿಯ ಒಂದು ವಿಷಯವನ್ನು ಈ ಸುವರ್ಣ ಮಹೋತ್ಸವ ಸಂಚಿಕೆಯಲ್ಲಿ ವಿವರಿಸುತ್ತಿದ್ದೇನೆ. ಕಾರು ನಡೆಸುವವರ ಪ್ರಾಣಕ್ಕೂ ಹಣಕ್ಕೂ ಸಂಬಂಧಿಸಿದ ವಿಷಯವಿದು.

ರಚನೆ

ಸ್ಟಿಯರಿಂಗ್ ದಂಡದ ಕೆಳತುದಿಯಲ್ಲಿ ‘ಪಿನಿಯನ್’ ಎಂಬ ಚಿಕ್ಕ ಹಲ್ಲುಗಾಲಿ ಇರುತ್ತದೆ. ಅದು ಕೊಳವೆಯಾಕಾರದ ಕವಚದೊಳಗಿನ ‘ರ‍್ಯಾಕ್’ ಎಂಬ ಉದ್ದನೆಯ ಹಲ್ಲುಸರಳನ್ನು ಎಡಕ್ಕೂ ಬಲಕ್ಕೂ ಸರಿಸುತ್ತದೆ. ಆ ಚಲನೆಯು ಟೈ ರಾಡುಗಳ ಮೂಲಕ ಮುಂದಿನ ಗಾಲಿಗಳನ್ನು ಹೊರಳಿಸುತ್ತದೆ. 1983ರಲ್ಲಿ ಬಂದು 2014ರಲ್ಲಿ ತಯಾರಿಕೆ ನಿಂತ ಮಾರುತಿ 800ರಲ್ಲಿ ಇಷ್ಟೇ ಏರ್ಪಾಡು. ಒಳಗೆ ಗ್ರೀಸು ಮಾತ್ರ. ಹೈಡ್ರಾಲಿಕ್ ಪವರ್ ಸ್ಟಿಯರಿಂಗ್ ಇರುವ ಕಾರಿನಲ್ಲಾದರೋ ಇಂಜಿನ್ನಿನ ಬೆಲ್ಟಿನಿಂದ ತಿರುಗುವ ಪಂಪು ಎಣ್ಣೆಯನ್ನು ಒತ್ತಿ ಕಳಿಸುತ್ತದೆ. ರ‍್ಯಾಕಿಗೆ ಜೋಡಿಸಿದ ಪಿಸ್ಟನ್ನನ್ನು ಆ ಎಣ್ಣೆ ತಳ್ಳುವುದರಿಂದ ಚಾಲಕನ ಕೈಗೆ ಭಾರ ತಿಳಿಯುವುದಿಲ್ಲ.

ಸ್ಟಿಯರಿಂಗನ್ನು ಕೊನೆಯವರೆಗೆ ತಿರುಗಿಸಿ ಹಿಡಿದಾಗ ಈ ಎಣ್ಣೆಯ ಒತ್ತಡವು ಅನೇಕ ಕಾರುಗಳಲ್ಲಿ 70 ಬಾರ್ ದಾಟುತ್ತದೆ. ಕಾರಿನ ಟೈರಿನಲ್ಲಿ ಇರುವುದು ಸುಮಾರು 2 ಬಾರ್ ಎಂಬುದನ್ನು ನೆನೆದರೆ ಇದರ ಪ್ರಮಾಣ ತಿಳಿದೀತು. ಇಷ್ಟು ಒತ್ತಡವನ್ನು ತಡೆದು ನಿಲ್ಲಿಸುವವು ಸಣ್ಣ ಸೀಲುಗಳು. ಅವುಗಳ ಬಳಿಗೆ ಧೂಳು, ನೀರು ಸುಳಿಯದಂತೆ ಎರಡೂ ತುದಿಗಳಲ್ಲಿ ತಿದಿಯಂತೆ ಮಡಿಕೆಗಳಿರುವ ರಬ್ಬರ್ ಬೂಟುಗಳಿರುತ್ತವೆ.

ಲಕ್ಷಣಗಳು

ಡಬ್ಬಿಯಲ್ಲಿ ಎಣ್ಣೆ ಪದೇ ಪದೇ ಇಳಿಯುವುದು, ತಿರುಗಿಸುವಾಗ ಪಂಪು ನರಳಿದಂತೆ ಸದ್ದು ಮಾಡುವುದು, ಎಣ್ಣೆ ನೊರೆಗಟ್ಟುವುದು, ಸ್ಟಿಯರಿಂಗ್ ಬಿಗಿಯಾಗುವುದು, ನಿಂತ ಜಾಗದಲ್ಲಿ ಕಲೆ ಬೀಳುವುದು, ಇವು ಸೋರಿಕೆಯ ಸಾಮಾನ್ಯ ಚಿಹ್ನೆಗಳು. ಎಣ್ಣೆ ಪೂರ್ತಿ ಬರಿದಾದರೂ ಗಾಲಿಗಳು ತಿರುಗುತ್ತವೆ. ಆದರೆ ತಿರುವಿನಲ್ಲಿ ಇದ್ದಕ್ಕಿದ್ದಂತೆ ಭಾರ ಬಿದ್ದರೆ ಚಾಲಕ ಗಲಿಬಿಲಿಗೊಳ್ಳುವನು. ಬಿಸಿ ಇಂಜಿನ್ನಿನ ಮೇಲೆ ಎಣ್ಣೆ ಸಿಡಿದರೆ ಬೆಂಕಿಯ ಭಯವೂ ಇದೆ.

ಪರೀಕ್ಷೆ

ಎಣ್ಣೆ ತೊಟ್ಟಿಕ್ಕುವ ಜಾಗವೇ ಸೋರಿಕೆಯ ಮೂಲವೆಂದು ತಿಳಿಯಬಾರದು. ಮೇಲಿನಿಂದ ಇಳಿದ ಎಣ್ಣೆ ತಗ್ಗಿನಲ್ಲಿರುವ ರ‍್ಯಾಕಿನ ಮೇಲೆ ಕೂಡುತ್ತದೆ. ಒಮ್ಮೆ ನನ್ನ ಬಳಿಗೆ ಬಂದ ಕಾರಿನ ರ‍್ಯಾಕ್ ಎಣ್ಣೆಯಲ್ಲಿ ಮಿಂದಿತ್ತು. ಅದನ್ನೇ ಬದಲಿಸಬೇಕೆಂದು ಮಾಲೀಕರಿಗೆ ಬೇರೊಂದೆಡೆ ಹೇಳಿದ್ದರಂತೆ. ತೊಳೆದು ನೋಡಿದರೆ ಡಬ್ಬಿಗೆ ಎಣ್ಣೆ ಮರಳುವ ಕೊಳವೆಯ ಬಾಯಿ ಸೀಳಿತ್ತು. ಹೊಸ ಕೊಳವೆ, ಹೊಸ ಕ್ಲಿಪ್ಪು ಹಾಕಿದ ಮೇಲೆ ರ‍್ಯಾಕ್ ಒಣಗಿಯೇ ಉಳಿಯಿತು.

ಆದ್ದರಿಂದ ಮೊದಲು ತೊಳೆಯಬೇಕು, ಆಮೇಲೆ ನೋಡಬೇಕು. ಸಮತಟ್ಟಾದ ನೆಲದಲ್ಲಿ ಕಾರನ್ನು ಎತ್ತಿ ಗಟ್ಟಿ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿ, ಹಿಂದಿನ ಗಾಲಿಗಳಿಗೆ ಅಡ್ಡ ಕೊಡಿರಿ. ಬರಿಯ ಜಾಕಿನ ಮೇಲಿರುವ ಕಾರಿನ ಕೆಳಗೆ ಎಂದೂ ನುಸುಳಬಾರದು. ಜಿಡ್ಡನ್ನೆಲ್ಲ ತೊಳೆದು ಒಣಗಿಸಿ, ಡಬ್ಬಿಯ ಮುಚ್ಚಳದ ಮೇಲೆ ಸೂಚಿಸಿದ ಎಣ್ಣೆಯನ್ನೇ ಗುರುತಿನವರೆಗೆ ತುಂಬಿರಿ. ಇಂಜಿನ್ ಚಾಲೂ ಮಾಡಿ, ಸಹಾಯಕನೊಬ್ಬನು ಸ್ಟಿಯರಿಂಗನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ತಿರುಗಿಸಲಿ. ಕೊನೆಯಲ್ಲಿ ಐದು ಸೆಕೆಂಡಿಗಿಂತ ಹೆಚ್ಚು ಹಿಡಿಯದಿರಲಿ. ಡಬ್ಬಿ, ಕೊಳವೆಗಳ ಕೂಡುಗಳು, ಪಂಪು, ಪಿನಿಯನ್ನಿನ ಮೇಲಿನ ಸೀಲು, ಕೊನೆಗೆ ಬೂಟುಗಳು, ಹೀಗೆ ಮೇಲಿನಿಂದ ಕೆಳಕ್ಕೆ ನೋಡುತ್ತ ಬನ್ನಿರಿ. ಒತ್ತಡವಿರುವ ಕೊಳವೆಯನ್ನು ಬರಿಗೈಯಿಂದ ತಡವಬಾರದು.

ಮೇಲೆಲ್ಲ ಒಣಗಿದ್ದರೆ ಇಂಜಿನ್ ನಿಲ್ಲಿಸಿ ಬೂಟಿನ ಕ್ಲಿಪ್ಪನ್ನು ಸಡಿಲಿಸಿರಿ. ಒಳಗಿನಿಂದ ಎಣ್ಣೆ ಸುರಿದರೆ ರ‍್ಯಾಕಿನ ಸೀಲು ಹೋಗಿರುವುದು ನಿಶ್ಚಯ. ಅನೇಕ ರ‍್ಯಾಕುಗಳಲ್ಲಿ ಎರಡು ಬೂಟುಗಳ ನಡುವೆ ಗಾಳಿಯ ಕೊಳವೆಯೊಂದು ಇರುವುದರಿಂದ ಎಡಗಡೆಯ ಎಣ್ಣೆ ಬಲಗಡೆ ಕಾಣಿಸಬಹುದೆಂಬುದು ನೆನಪಿರಲಿ.

ದುರಸ್ತಿ

ಸೋರಿಕೆ ನಿಲ್ಲಿಸುವ ದ್ರವಗಳು ರಬ್ಬರನ್ನು ಕೆಲಕಾಲ ಉಬ್ಬಿಸುತ್ತವೆ. ಹರಿದ ಸೀಲನ್ನು ಅವು ಕೂಡಿಸಲಾರವು. ರ‍್ಯಾಕನ್ನು ಬಿಚ್ಚಲೇಬೇಕು. ಬಿಚ್ಚುವ ಮೊದಲು ಗಾಲಿಗಳನ್ನು ನೇರವಾಗಿಸಿ ಸ್ಟಿಯರಿಂಗನ್ನು ಅಲುಗದಂತೆ ಕಟ್ಟಿರಿ. ಏರ್‌ಬ್ಯಾಗ್ ಇರುವ ಕಾರಿನಲ್ಲಿ ಅದು ತಾನಾಗಿ ಸುತ್ತಿದರೆ ಒಳಗಿನ ಸುರುಳಿ ತಂತಿ ಹರಿಯುತ್ತದೆ. ಟೈ ರಾಡಿನ ತುದಿಗಳನ್ನು ತೆಗೆಯುವಾಗ ಸುತ್ತುಗಳನ್ನು ಎಣಿಸಿ ಬರೆದಿಟ್ಟುಕೊಳ್ಳಿರಿ. ತೆರೆದ ಕೊಳವೆಗಳ ಬಾಯಿ ಮುಚ್ಚಿರಿ.

ಹೊರತೆಗೆದ ಸರಳನ್ನು ಒರೆಸಿ, ಸೀಲು ಉಜ್ಜುವ ನಯವಾದ ಭಾಗದ ಮೇಲೆ ಉಗುರು ಆಡಿಸಿರಿ. ಉಗುರು ಎಲ್ಲಿಯೂ ತಡೆಯದಿದ್ದರೆ ಹೊಸ ಸೀಲುಗಳ ಕಿಟ್ ಸಾಕು. ಹಲ್ಲುಗಳ ಮೇಲೆ ತೆಳುವಾದ ತೋಳುಕವಚ ಹೊದಿಸಿ, ಅದೇ ಎಣ್ಣೆ ಸವರಿ ಸೀಲನ್ನು ದಾಟಿಸಬೇಕು. ಒಂದು ಮರಳ ಕಣವಾದರೂ ಸೀಲನ್ನು ಕೊರೆಯಬಲ್ಲದು. ಉಗುರಿಗೆ ತುಕ್ಕಿನ ಕುಳಿ ಸಿಕ್ಕಿದರೆ ಮಾತ್ರ ರ‍್ಯಾಕ್ ಬದಲಿಸುವುದೇ ಸರಿ. ಅಂಥ ಸರಳು ಹೊಸ ಸೀಲನ್ನೂ ಬೇಗನೆ ಹರಿಯುತ್ತದೆ.

ಈ ಕುಳಿಗಳಿಗೆ ಕಾರಣ ಬಹುಮಟ್ಟಿಗೆ ಹರಿದ ಬೂಟು. 2005, 2019, 2021ರಲ್ಲಿ ಕೃಷ್ಣೆಯ ಮಹಾಪೂರ ಸಾಂಗಲಿಯನ್ನು ಹೊಕ್ಕುದು ನಮಗೆಲ್ಲ ನೆನಪಿದೆ. ಅಂಥ ನೀರಿನಲ್ಲಿ ನಿಂತ ಕಾರಿನ ಬೂಟು ಸೀಳಿದ್ದರೆ ಕೆಸರುನೀರು ಒಳಗೇ ಉಳಿದು, ತಿಂಗಳುಗಳ ಬಳಿಕ ಸೋರಿಕೆಯಾಗಿ ತೋರಿಕೊಳ್ಳುತ್ತದೆ. ನೆರೆಯಲ್ಲಿ ನಿಂತ ಕಾರಿನ ಬೂಟುಗಳನ್ನು ಕೂಡಲೇ ತೆರೆದು ನೋಡಿಸುವುದು ಲೇಸು.

ಜೋಡಿಸಿದ ಬಳಿಕ ಮುಂದಿನ ಗಾಲಿಗಳು ಮೇಲಿರುವಾಗಲೇ, ಇಂಜಿನ್ ಬಂದಿಟ್ಟು, ಸ್ಟಿಯರಿಂಗನ್ನು ಎರಡೂ ಕಡೆಗೆ ಹಲವು ಸಲ ನಿಧಾನವಾಗಿ ತಿರುಗಿಸುತ್ತ ಎಣ್ಣೆ ತುಂಬಿರಿ. ಒಳಗಿನ ಗಾಳಿ ಹೊರಬೀಳುತ್ತದೆ. ನಂತರ ಇಂಜಿನ್ ಚಾಲೂ ಮಾಡಿ, ನೊರೆ ನಿಲ್ಲುವವರೆಗೆ ಮತ್ತೆ ತಿರುಗಿಸಿರಿ. ಗಾಲಿಗಳ ಅಲೈನ್‌ಮೆಂಟ್ ಮಾಡಿಸಿ, ಒಂದು ದಿನ ಓಡಿಸಿದ ಮೇಲೆ ಮತ್ತೊಮ್ಮೆ ಕೆಳಗೆ ನೋಡಿರಿ.

ಈಗಿನ ಹೊಸ ಚಿಕ್ಕ ಕಾರುಗಳಲ್ಲಿ ಹೆಚ್ಚಾಗಿ ವಿದ್ಯುತ್ ಮೋಟಾರಿನ ಸ್ಟಿಯರಿಂಗ್ ಇದ್ದು, ಈ ಎಣ್ಣೆಯ ಗೊಡವೆಯಿಲ್ಲ. ಆದರೆ ಬೂಟುಗಳು ಅವುಗಳಿಗೂ ಇವೆ; ಸರಳು ಅವುಗಳಲ್ಲಿಯೂ ತುಕ್ಕು ಹಿಡಿಯುತ್ತದೆ. ಪ್ರತಿ ಸರ್ವಿಸಿಂಗಿನಲ್ಲಿ ಎರಡೂ ಬೂಟುಗಳ ಮಡಿಕೆಗಳನ್ನು ಬಿಡಿಸಿ ನೋಡುವಂತೆ ಮೇಸ್ತ್ರಿಗೆ ಹೇಳಿರಿ. ಸೀಳಿದ ಬೂಟನ್ನು ಆಗಲೇ ಬದಲಿಸಿದರೆ ಸ್ವಲ್ಪದರಲ್ಲಿ ಮುಗಿಯುವ ಕೆಲಸ. ಬಿಟ್ಟರೆ ಪೂರ್ತಿ ರ‍್ಯಾಕಿನ ಖರ್ಚು. ಈ ಕಸುಬಿಗೆ ಬರಲಿರುವ ನಮ್ಮ ಶಾಲೆಯ ಮಕ್ಕಳಿಗೆ ಇಷ್ಟು ವಿವರ ಉಪಯೋಗಕ್ಕೆ ಬರಲೆಂದು ಹಾರೈಸುತ್ತೇನೆ.